ನೂರ ಹನ್ನೆರಡು ಬಟ್ಟಲು

ತಾಯಂದಿರಿಗೆ ಸನ್ಮಾನ ಮಾಡುವ ಶುಕ್ರವಾರ ಮಕ್ಕಳಿಗೆ ಊಟ ಇಲ್ಲ ಎಂದು ತೀರ್ಮಾನವಾಯಿತು.

ತೀರ್ಮಾನ ಮಾಡಿದವರು ಗುಡ್ಡದ ಕೆಳಗಿನ ಪುರಸಭೆಯವರು. ಅದನ್ನು ಮೇಲೆ ಹೊತ್ತು ತಂದವಳು ಯೆಸೇನಿಯಾ ಎಂಬ ಹೆಣ್ಣುಮಗಳು. ಮೇಯರರ ಕಚೇರಿಯಲ್ಲಿ ಸಮಾರಂಭಗಳನ್ನು ನಡೆಸುವ ಕೆಲಸ ಅವಳದು. ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಅವಳಿಗೆ ಮಾತು ಹೊರಡಲಿಲ್ಲ. ಅಡುಗೆ ಮಾಡುತ್ತಿದ್ದ ತೆಯೋಫಿಲಾ ಒಂದು ಲೋಟ ನೀರು ಕೊಟ್ಟಳು. ಆ ನೀರೂ ಅದೇ ಮೆಟ್ಟಿಲು ಹತ್ತಿ ಬಂದದ್ದು. ಹತ್ತಿಸಿದವಳು ತೆಯೋಫಿಲಾ.

ನೀರು ಕುಡಿದು ಯೆಸೇನಿಯಾ ನಕ್ಕಳು.

"ಮಾಮಿತಾ, ಸಂತೋಷದ ಸುದ್ದಿ ತಂದಿದೀನಿ. ಮೇಯರ್ ಸಾಹೇಬರು ನಿಮಗೆಲ್ಲ ಸನ್ಮಾನ ಮಾಡ್ತಾರೆ."

ಕಚೇರಿಯವರು ಗುಡ್ಡದ ಹೆಂಗಸರನ್ನೆಲ್ಲ ಮಾಮಿತಾ, ಅಂದರೆ ಅಮ್ಮಣ್ಣಿ, ಎಂದೇ ಕರೆಯುವುದು. ಹೆಸರು ಕೇಳುವ ಶ್ರಮ ಉಳಿಯುತ್ತದೆ.

"ಯಾಕೆ ಸನ್ಮಾನ?" ಎಂದಳು ತೆಯೋಫಿಲಾ.

"ಯಾಕೆ ಅಂದ್ರೆ? ಸಂಬಳ ಇಲ್ಲದೆ ಬಡ ಮಕ್ಕಳಿಗೆ ಅಡುಗೆ ಮಾಡಿ ಹಾಕ್ತಿದೀರಲ್ಲ. ಸ್ವಯಂಸೇವೆ. ಅದಕ್ಕೆ."

ಮೂಲೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ ಎದೆಲ್ಮಿರಾ ತಲೆ ಎತ್ತಲಿಲ್ಲ. ಅವಳಿಗೆ ಮೂರು ಮಕ್ಕಳು, ಮೂರೂ ಇದೇ ಶಾಲೆಯಲ್ಲಿ. "ಬಡ ಮಕ್ಕಳು ಅಂದ್ರೆ ನಮ್ಮ ಮಕ್ಕಳೇ ಕಣ್ ಮೇಡಂ. ನಮ್ಮ ಮಕ್ಕಳಿಗೆ ನಾವು ಗಂಜಿ ಹಾಕುದ್ರೆ ಅದೇನು ಸೇವೆ?" ಎಂದಳು.

ಯೆಸೇನಿಯಾ ಪುಸ್ತಕ ತೆರೆದು ಓದಿದಳು. ಶುಕ್ರವಾರ ಹನ್ನೊಂದು ಗಂಟೆಗೆ ಶಾಲೆಯ ಅಂಗಳದಲ್ಲಿ ವೇದಿಕೆ. ಹತ್ತು ಜನ ತಾಯಂದಿರಿಗೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ. ಮೇಯರರ ಹೆಸರು ಅಚ್ಚಾದ ಏಪ್ರನ್ನು. ಎಂಬತ್ತು ಜನ ಅತಿಥಿಗಳಿಗೆ ಊಟ. ಕೋಳಿ ಪುರಸಭೆಯಿಂದ ಬರುತ್ತದೆ. ಅಕ್ಕಿ, ಎಣ್ಣೆ, ಸೌದೆ ಶಾಲೆಯದು.

"ಅಡುಗೆ ಯಾರ್ ಮಾಡ್ತಾರೆ?" ಎಂದಳು ಎದೆಲ್ಮಿರಾ.

"ನೀವೇ. ನಿಮ್ಮ ಕೈರುಚಿ ಊರಿಗೆಲ್ಲ ಗೊತ್ತಾಗ್ಲಿ ಅಂತ ಸಾಹೇಬರ ಆಸೆ."

"ಸನ್ಮಾನನೂ ನಮಗೇಯಾ?"

"ಹೂಂ."

"ಪಾತ್ರೆ ಯಾರು ತೊಳೀತಾರೆ?"

ಯೆಸೇನಿಯಾ ಪುಸ್ತಕ ನೋಡಿದಳು. ಅದರಲ್ಲಿ ಅದು ಇರಲಿಲ್ಲ.

"ಮಕ್ಕಳ ಊಟ?" ಎಂದು ಕೇಳಿದವಳು ತೆಯೋಫಿಲಾ.

"ಅಂಗಳ ಬೇಕಲ್ಲ ಮಾಮಿತಾ. ಹತ್ತು ಗಂಟೆಗೆ ಒಂದೊಂದು ಬಿಸ್ಕತ್ ಪೊಟ್ಟಣ ಕೊಟ್ಟು ಮನೆಗೆ ಕಳಿಸ್ತಾರೆ. ಹೆಡ್ ಮಾಸ್ತರು ಒಪ್ಪಿದಾರೆ. ಒಂದು ದಿನ ತಾನೆ."

ಆ ಒಂದು ದಿನ ಶುಕ್ರವಾರ. ಗುಡ್ಡದ ಮನೆಗಳಲ್ಲಿ ಮಧ್ಯಾಹ್ನ ಒಲೆ ಹೊತ್ತುವುದಿಲ್ಲ. ಹೆಂಗಸರು ಕೆಳಗೆ ಯಾರದೋ ಬಟ್ಟೆ ಒಗೆಯುತ್ತಿರುತ್ತಾರೆ. ಗಂಡಸರು ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿರುತ್ತಾರೆ. ಶನಿವಾರ, ಭಾನುವಾರ ಶಾಲೆಯಿಲ್ಲ. ಶುಕ್ರವಾರ ಉಂಡದ್ದು ಸೋಮವಾರದವರೆಗೆ ಬರಬೇಕು. ಅದಕ್ಕಾಗಿಯೇ ತೆಯೋಫಿಲಾ ಶುಕ್ರವಾರ ಸೌಟನ್ನು ಗೋಪುರದಂತೆ ತುಂಬುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

ಯೆಸೇನಿಯಾ ಅರ್ಜಿ ಹಾಳೆಗಳನ್ನು ಹೊರತೆಗೆದಳು. ಸನ್ಮಾನಕ್ಕೆ ಹೆಸರು ಬರೆದುಕೊಳ್ಳಬೇಕಿತ್ತು.

"ಹೆಡ್ ಮಾಸ್ತರು ಮೊದಲು ನಿಮ್ಮ ಹೆಸರೇ ಹೇಳಿದಾರೆ ಮಾಮಿತಾ. ಎಷ್ಟು ವರ್ಷದಿಂದ ಮಾಡ್ತಿದೀರಿ?"

"ಹನ್ನೊಂದು."

"ದೇವರೇ. ವಾರಕ್ಕೆ ಎಷ್ಟು ದಿನ?"

"ಶಾಲೆ ಇದ್ದಷ್ಟು ದಿನ."

"ಮಗುವಿನ ಹೆಸರು?"

"ನೇಲಿದಾ."

"ಯಾವ ಕ್ಲಾಸು?"

"ಐದು."

ಯೆಸೇನಿಯಾ ಬರೆದಳು. ಶಾಲೆಯ ಪಟ್ಟಿ ತೆಗೆದು ಐದನೇ ತರಗತಿಯಲ್ಲಿ ಬೆರಳಾಡಿಸಿದಳು. "ಇಲ್ಲಿಲ್ಲವಲ್ಲ. ಬೇರೆ ಶಾಲೆಗೆ ಸೇರಿಸಿದ್ರಾ?"

"ಇಲ್ಲ. ಐದನೇ ಕ್ಲಾಸಲ್ಲಿದ್ದಾಗ ಹೋದ್ಲು. ಏಳು ವರ್ಷ ಆಯ್ತು."

"ಎಲ್ಲಿಗೆ?"

ತೆಯೋಫಿಲಾ ಬಾಗಿಲಾಚೆ ಗುಡ್ಡದ ತುದಿಯತ್ತ ಗಲ್ಲ ಎತ್ತಿ ತೋರಿಸಿದಳು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣುವ ದಿನಗಳಲ್ಲಿ ಅಲ್ಲಿ ನೀಲಿ ಬಣ್ಣ ಬಳಿದ ಸಣ್ಣ ಶಿಲುಬೆಗಳು ಕಾಣುತ್ತವೆ.

ಎದೆಯ ರೋಗ. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ ದಿನ ಮಗು ಹಾಸಿಗೆ ಬೇಡದ ಸ್ಥಿತಿಯಲ್ಲಿತ್ತು. ಶನಿವಾರ ಮಣ್ಣು ಮಾಡಿದರು. ಸೋಮವಾರ ತೆಯೋಫಿಲಾಳ ಅಡುಗೆಯ ಸರದಿ. ಬಂದಳು. ಒಲೆ ಹೊತ್ತಿಸಿದಳು. ಬೇಡ ಅಂದವರಿಗೆ, ಮನೆಯಲ್ಲಿ ಕೂತು ಏನು ಮಾಡಲಿ ಅಂದಳು. ಮಂಗಳವಾರ ಬೇರೆಯವರ ಸರದಿ. ಅವತ್ತೂ ಬಂದಳು. ಆಮೇಲೆ ಯಾರೂ ಕೇಳಲಿಲ್ಲ.

ಯೆಸೇನಿಯಾ ಕೆಟ್ಟವಳಲ್ಲ. ಅವಳ ಕಣ್ಣು ತೇವವಾಯಿತು. ಆದರೆ ಹಾಳೆ ಹಾಳೆಯೇ.

"ಮಾಮಿತಾ, ಬೇಜಾರು ಮಾಡ್ಕೋಬೇಡಿ. ಇದು ತಾಯಂದಿರ ಪ್ರಶಸ್ತಿ. ಶಾಲೆಯಲ್ಲಿ ಮಗು ಇರಬೇಕು ಅಂತ ನಿಯಮ. ಇಲ್ಲದಿದ್ರೆ ನಾಳೆ ಯಾರೋ ತಕರಾರು ಮಾಡ್ತಾರೆ."

ಅವಳು ಅಳತೆಪಟ್ಟಿ ಇಟ್ಟು ಹೆಸರಿನ ಮೇಲೆ ಗೆರೆ ಎಳೆದಳು. ಗೆರೆ ನೆಟ್ಟಗೆ ಬಂತು. ಎರಡು ಹೆಸರೂ ಹೋದವು, ತಾಯಿಯದೂ ಮಗಳದೂ.

"ಆದ್ರೆ ಶುಕ್ರವಾರದ ಅಡುಗೆ ಮಾತ್ರ ನಿಮ್ಮದೇ ಮುಂದಾಳತ್ವ. ಅಷ್ಟು ದೊಡ್ಡ ಹಂಡೆ ನಿಭಾಯಿಸೋಕೆ ನಿಮ್ಮ ಬಿಟ್ಟು ಯಾರಿಗೆ ಬರತ್ತೆ?"

"ಆಯ್ತು," ಎಂದಳು ತೆಯೋಫಿಲಾ.

ಯೆಸೇನಿಯಾ ಹೋದ ಮೇಲೆ ಎದೆಲ್ಮಿರಾ ಚಾಕು ನೆಲಕ್ಕೆ ಎಸೆದಳು.

"ಏನಕ್ಕಾ ನೀನು? ಆಯ್ತು ಅಂತೀಯಲ್ಲ! ಕುರ್ಚಿ ಬಾಡಿಗೆಗೆ ಕೊಡೋನ ಹೆಂಡ್ತಿ ಹೆಸರು ಆ ಹತ್ತರಲ್ಲಿ ಅದೆ. ಅವಳು ಈ ಅಡುಗೆಮನೆ ಬಾಗಿಲು ಯಾವ ಕಡೆ ತೆರೀತದೆ ಅಂತನೂ ಕಾಣಳು. ನೀನು ತಾಯಿ ಅಲ್ವಂತೆ. ಬ್ಯಾಡ ಬಿಡು, ನೀ ಬರಬ್ಯಾಡ. ನಾನೂ ಬರಕಿಲ್ಲ. ಅವರೇ ಬೇಯಿಸ್ಕೊಂಡು ಅವರೇ ಉಣ್ಣಲಿ."

"ನಾವು ಬರದೆ ಹೋದ್ರೆ ಅಕ್ಕಿ ಅವರ ಕೈಲಿರ್ತದೆ," ಎಂದಳು ತೆಯೋಫಿಲಾ. "ಬಂದ್ರೆ ಸೌಟು ನಮ್ಮ ಕೈಲಿರ್ತದೆ. ಚಾಕು ತಕ್ಕೊ. ಆಲೂಗಡ್ಡೆ ಕಪ್ಪಾಗ್ತಾವೆ."

ಹೆಡ್ ಮಾಸ್ತರ್ ಎಲಾದಿಯೋ ಪ್ರತಿ ತರಗತಿಗೂ ಹೋಗಿ ಶುಕ್ರವಾರ ಬಟ್ಟಲು ತರಬಾರದೆಂದು ಹೇಳಿದರು. ಗುರುವಾರ ಬಡಿಸುವಾಗ ತೆಯೋಫಿಲಾ ಒಂದೊಂದು ಬಟ್ಟಲಿಗೂ ಸೌಟು ಬಗ್ಗಿಸುತ್ತ, "ನಾಳೆ ಬಟ್ಟಲು ತನ್ನಿ" ಎಂದಳು. ನೂರ ಹನ್ನೆರಡು ಸಲ ಹೇಳಿದಳು. ಮಕ್ಕಳಿಗೆ ಎರಡು ಆಜ್ಞೆಗಳಾದವು. ಅನ್ನ ಹಾಕಿದವಳ ಆಜ್ಞೆಯನ್ನು ಅವರು ಇಟ್ಟುಕೊಂಡರು.

ಶುಕ್ರವಾರ ಬೆಳಿಗ್ಗೆ ಮಂಜು ನೆಲಕ್ಕೆ ಇಳಿದಿತ್ತು. ಸೌದೆ ಒದ್ದೆ. ಆರು ಜನ ಹೆಂಗಸರು ಮೂವತ್ತು ಕೋಳಿಗಳ ಪುಕ್ಕ ಕಿತ್ತರು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಂದ ಹುರುಳಿಕಾಯಿಯಂತಾದವು. ತೆಯೋಫಿಲಾ ಕೆಳಗಿನ ಡ್ರಮ್ಮಿನಿಂದ ಎರಡೆರಡು ಬಕೆಟ್ ನೀರು ಹೊತ್ತಳು. ಐದನೆಯ ಸಲ ಹತ್ತುವಾಗ ಎಡ ಮಂಡಿ ಸದ್ದು ಮಾಡಿತು. ನಿಂತು ಶಿಲುಬೆ ಗುರುತು ಮಾಡಿ, ಸೊಂಟಕ್ಕೆ ಕಟ್ಟಿದ್ದ ಪವಾಡಗಳ ಸ್ವಾಮಿ ಕ್ರಿಸ್ತನ ಹರಕೆಯ ನೇರಳೆ ದಾರವನ್ನು ಬಿಗಿದುಕೊಂಡು ಮತ್ತೆ ಹತ್ತಿದಳು. ಕೆಳಗಿನಿಂದ ವೇದಿಕೆಯ ಹಲಗೆ ಹೊತ್ತು ಬರುತ್ತಿದ್ದ ಇಬ್ಬರು ಆಳುಗಳು, "ದಾರಿ ಬಿಡಮ್ಮಾ, ಸನ್ಮಾನದ ಸಾಮಾನು" ಎಂದರು. ಅವಳು ಬಕೆಟ್ಟು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

ಏಳು ಗಂಟೆಗೆ ಮಕ್ಕಳು ಬಂದರು. ಬಟ್ಟಲು ತಂದಿದ್ದರು.

ಆ ಶಾಲೆಯ ಕ್ರಮ ಹೀಗೆ. ಬಂದ ಕೂಡಲೇ ಮಗು ತನ್ನ ಬಟ್ಟಲನ್ನು ಅಡುಗೆಮನೆ ಮುಂದಿನ ಮೋಟುಗೋಡೆಯ ಮೇಲೆ ಇಡುತ್ತದೆ. ಮೊದಲು ಬಂದದ್ದು ಮೊದಲು. ಇಟ್ಟ ಮೇಲೆ ಆ ಬಟ್ಟಲೇ ಆ ಮಗು. ಗುಡ್ಡದಲ್ಲಿ ಎಲ್ಲದಕ್ಕೂ ಇದೇ ಕ್ರಮ. ನೀರಿನ ಲಾರಿಗೆ ಡ್ರಮ್ಮು ಸಾಲಿನಲ್ಲಿ ನಿಲ್ಲುತ್ತದೆ, ಗ್ಯಾಸಿಗೆ ಖಾಲಿ ಸಿಲಿಂಡರು, ದವಾಖಾನೆಯ ಚೀಟಿಗೆ ಒಂದು ಚಪ್ಪಲಿ. ಮನುಷ್ಯರು ಕೂಲಿಗೆ ಹೋಗುತ್ತಾರೆ, ವಸ್ತು ಅವರ ಬದಲು ನಿಲ್ಲುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಕಳ್ಳತನ ಮಾಡುವವರೂ ಗುಡ್ಡದಲ್ಲಿದ್ದಾರೆ, ಅವರೂ ಸಾಲಿನ ವಸ್ತು ಮುಟ್ಟುವುದಿಲ್ಲ. ಒಮ್ಮೆ ಒಬ್ಬ ಗಂಡಸು ಪಕ್ಕದ ಮನೆಯ ಡ್ರಮ್ಮನ್ನು ಸರಿಸಿ ತನ್ನದನ್ನು ಮುಂದಿಟ್ಟ. ಅವನು ಈಗ ಬೇರೆ ಗುಡ್ಡದಲ್ಲಿ ವಾಸವಾಗಿದ್ದಾನೆ.

ಹತ್ತು ಗಂಟೆಗೆ ಬಿಸ್ಕತ್ತು ಹಂಚಿದರು. ಮಕ್ಕಳು ತಿಂದವು. ಮನೆಗೆ ಹೋಗಲಿಲ್ಲ. ಗೋಡೆಯ ಬುಡದಲ್ಲಿ ತಮ್ಮ ತಮ್ಮ ಬಟ್ಟಲ ಕೆಳಗೆ ಕೂತವು.

"ಹೊರಡ್ರೋ, ಹೊರಡ್ರೇ" ಎಂದರು ಎಲಾದಿಯೋ ಮಾಸ್ತರು.

"ಬಟ್ಟಲು ಸಾಲಲ್ಲಿದೆ ಸಾರ್" ಎಂದಳು ಎರಡನೇ ತರಗತಿಯ ಒಬ್ಬ ಹುಡುಗಿ. ಮಾಸ್ತರರೂ ಆ ಗುಡ್ಡದಲ್ಲಿ ಹನ್ನೆರಡು ವರ್ಷ ಕಳೆದವರು. ಒಳಗೆ ಹೋಗಿ ಟೈ ಕಟ್ಟಿಕೊಂಡರು.

ಹನ್ನೊಂದಕ್ಕೆ ಮೇಯರ್ ಬಂದರು. ಬ್ಯಾಂಡಿನವರು ಬಂದರು. ಕೈಯಲ್ಲಿ ಯಂತ್ರ ಹಿಡಿದ ರೇಡಿಯೋದ ಒಬ್ಬನೂ ಬಂದ. ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳಲ್ಲಿ ಎಂಬತ್ತು ಜನ ಕೂತರು. ಮೇಯರ್ ತಾಯಂದಿರ ಬಗ್ಗೆ ಮಾತನಾಡಿದರು. ತಮ್ಮ ತಾಯಿಯ ಬಗ್ಗೆ ಹೆಚ್ಚು ಮಾತನಾಡಿದರು. ತಾಯಿ ದೇವರ ಅಡುಗೆಯವಳು ಎಂದರು. ಚಪ್ಪಾಳೆಯಾಯಿತು. ಅಡುಗೆಮನೆಯಲ್ಲಿ ಆರು ಜನ ಹೆಂಗಸರು ಹಂಡೆಯನ್ನು ಒಲೆಯಿಂದ ಇಳಿಸುತ್ತಿದ್ದುದರಿಂದ ಅವರಿಗೆ ಚಪ್ಪಾಳೆ ಮಾತ್ರ ಕೇಳಿಸಿತು.

ಆಗ ಯೆಸೇನಿಯಾ ತಪ್ಪು ಮಾಡಿದಳು. ಕೆಳಗಿನವರು ಮಾತ್ರ ಮಾಡಬಲ್ಲ ತಪ್ಪು.

ಫೋಟೋದವನು ಅವಳ ಕಿವಿಯಲ್ಲಿ, ವೇದಿಕೆಯ ಹಿಂದೆ ಗೋಡೆಯ ಮೇಲೆ ಸೊಟ್ಟ ತಟ್ಟೆ ಬಟ್ಟಲು ಕಾಣುತ್ತಿವೆ, ಚಿತ್ರ ಕೆಡುತ್ತದೆ ಎಂದ. ಅವಳು ಇಬ್ಬರು ಆಳುಗಳಿಗೆ ಸನ್ನೆ ಮಾಡಿದಳು. ಅವರು ಎರಡು ಖಾಲಿ ಅಕ್ಕಿಚೀಲ ತಂದು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಟ್ಟಲುಗಳನ್ನು ತೋಳಿನಿಂದ ಬಳಿದು ಚೀಲಕ್ಕೆ ಸುರಿದರು. ಅಲ್ಲಿ ಹೂಕುಂಡ ಇಟ್ಟರು.

ಸದ್ದಿಗೆ ತೆಯೋಫಿಲಾ ಹೊರಬಂದಳು. ಗೋಡೆ ಖಾಲಿ. ಮಕ್ಕಳು ಎದ್ದು ನಿಂತಿದ್ದವು. ಹಿಂದೆಯೇ ಐವರು ಹೆಂಗಸರು ಬಂದರು. ಅವರು ಬೆಳಗಿನಿಂದ ಒಳಗೊಳಗೇ ಬೈದುಕೊಳ್ಳುತ್ತ, ಆದರೂ ಅತಿಥಿಗಳ ತಟ್ಟೆ ಒರೆಸಿ ಇಟ್ಟವರು. ಮಕ್ಕಳಿಗೆ ಮೊದಲು ಬಡಿಸೋಣ ಎಂದು ತೆಯೋಫಿಲಾ ಹೇಳಿದಾಗ ನೆಲ ನೋಡಿದವರು. ಸೋಮವಾರ ಪುರಸಭೆಯಿಂದ ಅಕ್ಕಿ ಬರದಿದ್ದರೆ ಎಂದು ಹೆದರಿದ್ದವರು. ಈಗ ಅವರು ಖಾಲಿ ಗೋಡೆ ನೋಡಿದರು.

ಮೈಕಿನಲ್ಲಿ ಮೊದಲ ಹೆಸರು ಕರೆದರು. "ಶ್ರೀಮತಿ ಎದೆಲ್ಮಿರಾ! ಚಪ್ಪಾಳೆ!"

ಎದೆಲ್ಮಿರಾ ವೇದಿಕೆಯ ಕಡೆ ನಡೆದಳು. ಮೇಯರ್ ಪ್ರಶಸ್ತಿಪತ್ರ ಮುಂದೆ ಚಾಚಿದರು. ಅವಳು ಅವರನ್ನು ದಾಟಿ ಹಿಂದೆ ಹೋಗಿ, ಆಳಿನ ಕೈಯಿಂದ ಒಂದು ಚೀಲ ಕಿತ್ತುಕೊಂಡು ಎಳೆಯುತ್ತ ತಂದಳು. ಇನ್ನೊಬ್ಬಳು ಇನ್ನೊಂದನ್ನು ತಂದಳು. ತೆಯೋಫಿಲಾ ಎರಡನ್ನೂ ಅಂಗಳದ ನಡುವೆ ಸುರಿದಳು.

ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ, ಬೆಣ್ಣೆಯ ಡಬ್ಬಿ, ಹಿಡಿಕೆ ಮುರಿದ ಬಾಣಲೆ, ಹೆಲ್ಮೆಟ್ಟಿನ ಒಳಚಿಪ್ಪು. ನೂರ ಹನ್ನೆರಡು.

"ಮಾಮಿತಾ, ಏನಿದು? ಅತಿಥಿಗಳಿದಾರೆ!" ಯೆಸೇನಿಯಾ ಓಡಿಬಂದಳು.

"ಸಾಲು ಕೆಟ್ಟಿದೆ. ಸರಿ ಮಾಡ್ತೀನಿ."

"ಆಮೇಲೆ ಮಾಡಬಹುದಲ್ಲ!"

"ಆಮೇಲೆ ಮಾಡೋದು ಸಾಲಲ್ಲ."

ತೆಯೋಫಿಲಾ ಹೂಕುಂಡಗಳನ್ನು ಇಳಿಸಿ ನೆಲಕ್ಕಿಟ್ಟಳು. ಮೊದಲ ಬಟ್ಟಲು ಎತ್ತಿಕೊಂಡಳು. ಹಸಿರು, ಅಂಚು ಕರಗಿದ್ದು. "ಇದು ಯೋಬಾನಾದು. ಅವಳ ಅಮ್ಮ ಐದಕ್ಕೇ ಕೆಲಸಕ್ಕೆ ಹೋಗ್ತಾಳೆ, ಇವಳೇ ಮೊದಲು ಬರೋದು." ಇಟ್ಟಳು. "ಬೆಣ್ಣೆ ಡಬ್ಬಿ ಮಾಮಾನಿ ಮನೆ ಹುಡುಗಂದು." ಇಟ್ಟಳು. "ಇದು ಅವನ ತಮ್ಮಂದು." ಇಟ್ಟಳು. ಅವಳು ಮಕ್ಕಳನ್ನು ಕೇಳಲಿಲ್ಲ. ಎಲ್ಲಿಯಾದರೂ ತಪ್ಪಿದರೆ ಮಕ್ಕಳೇ ಹೇಳುತ್ತಿದ್ದವು. ಎರಡೇ ಸಲ ಹೇಳಿದವು.

ಮೈಕು ಹೆಸರು ಕರೆಯುತ್ತಲೇ ಇತ್ತು. ಕರೆದ ಹೆಂಗಸರು ಬಂದು ಬಟ್ಟಲು ಎತ್ತಿಕೊಡುತ್ತಿದ್ದರು. ಕುರ್ಚಿಯವನ ಹೆಂಡತಿ ಮಾತ್ರ ವೇದಿಕೆ ಹತ್ತಿ ಪ್ರಶಸ್ತಿ ತೆಗೆದುಕೊಂಡಳು. ಆಮೇಲೆ ಎಲ್ಲಿ ನಿಲ್ಲುವುದೆಂದು ತಿಳಿಯದೆ ಅಲ್ಲೇ ನಿಂತಳು.

ಯೆಸೇನಿಯಾ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಕೇಳಿ. ಈಗ ಅತಿಥಿಗಳಿಗೆ ಬಡಿಸದಿದ್ರೆ ಸೋಮವಾರದಿಂದ ಈ ಶಾಲೆಗೆ ಅಕ್ಕಿ ಬರಲ್ಲ. ನಾನು ಹೇಳ್ತಿರೋದಲ್ಲ. ಮೇಲಿನಿಂದ ಹೇಳಿರೋದು."

"ಮೇಲೆ ಇರೋರು ನಾವು ಕಣ್ ಮೇಡಂ," ಎಂದಳು ಎದೆಲ್ಮಿರಾ. "ಅವರು ಕೆಳಗಿರೋರು. ಬೇಕಾದ್ರೆ ಮೆಟ್ಟಿಲು ಎಣಿಸ್ಕೊಂಡು ಹೋಗಿ."

ತೆಯೋಫಿಲಾ ಕೊನೆಯ ಬಟ್ಟಲು ಇಟ್ಟಳು. ಯೆಸೇನಿಯಾಳನ್ನು ನೋಡಿದಳು.

"ತಾಯೀ, ಸೋಮವಾರದ ಮಾತು ಸೋಮವಾರ. ಇವತ್ತಿನ ಅಕ್ಕಿ ಬೆಂದಾಗಿದೆ. ಅತಿಥಿಗಳಿಗೆ ಇಲ್ಲ ಅನ್ನಕ್ಕಿಲ್ಲ. ಬಟ್ಟಲು ತಂದು ಸಾಲಿನ ಕೊನೇಲಿ ಇಡಲಿ. ಸರದಿ ಬಂದಾಗ ಹಾಕ್ತೀನಿ."

ಅತಿಥಿಗಳ ಬಳಿ ಮನೆಯಿಂದ ತಂದ ಬಟ್ಟಲು ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ.

ಆರು ಜನ ಹಂಡೆಯನ್ನು ಗೋಡೆಯ ಬಳಿಗೆ ಎಳೆದರು. ತೆಯೋಫಿಲಾ ಮುಚ್ಚಳ ತೆಗೆದಳು. ಕೆಂಪು ಮೆಣಸಿನಕಾಯಿ ಹಾಕಿದ ಕೋಳಿ ಅನ್ನದ ಹಬೆ ಮಂಜಿನೊಳಗೆ ಏರಿತು. ಎಂಬತ್ತು ಮೂಗುಗಳು ಅತ್ತ ತಿರುಗಿದವು. ಅವಳು ಶುಕ್ರವಾರದ ಸೌಟು ತುಂಬಿದಳು, ಗೋಪುರದಂತೆ. ಅದರ ಮೇಲೆ ಒಂದು ದೊಡ್ಡ ತುಂಡು. ಮೊದಲ ಬಟ್ಟಲು. ಎರಡನೆಯದು. ಮೂರನೆಯದು. ಅವಸರ ಮಾಡಲಿಲ್ಲ. ಬಲಗೈ ನೋಯತೊಡಗಿದಾಗ ಎಡಗೈಗೆ ಬದಲಾಯಿಸಿದಳು. ಯೋಬಾನಾ ತನ್ನ ಬಟ್ಟಲಲ್ಲಿ ಇಡೀ ಕೋಳಿಕಾಲು ಕಂಡು, "ಇದು ನಂದೇನಾ?" ಎಂದಳು. "ಬಟ್ಟಲು ಯಾರದು?" ಎಂದಳು ತೆಯೋಫಿಲಾ. "ನಂದು." "ಹಂಗಾದ್ರೆ ತಿನ್ನು."

ಮೇಯರ್ ಮೂವತ್ತನೆಯ ಬಟ್ಟಲಿನವರೆಗೆ ನೋಡಿದರು. ಅವರು ಐದು ಚುನಾವಣೆ ಕಂಡವರು. ರೇಡಿಯೋದವನು ಯಂತ್ರವನ್ನು ಅವರ ಬಾಯಿಯ ಹತ್ತಿರ ತಂದಾಗ ಮೈಕು ಕೈಗೆತ್ತಿಕೊಂಡರು.

"ಮಕ್ಕಳು ಮೊದಲು!" ಎಂದು ಕೂಗಿದರು. "ಇದು ನನ್ನ ಆಜ್ಞೆ! ನನ್ನ ಊರಿನಲ್ಲಿ ಮೇಯರಿಗಿಂತ ಮೊದಲು ಮಗು ಉಣ್ಣುತ್ತದೆ! ಇವತ್ತಷ್ಟೇ ಅಲ್ಲ, ಎಂದೆಂದಿಗೂ!"

ಬ್ಯಾಂಡಿನವರು ಬಾರಿಸಿದರು. ಅದು ರೇಡಿಯೋದಲ್ಲಿ ಹೋಯಿತು. ಎಂದೆಂದಿಗೂ ಎಂದು ಇಡೀ ಊರೇ ಕೇಳಿದ್ದರಿಂದ ಸೋಮವಾರ ಅಕ್ಕಿ ನಿಲ್ಲಿಸುವುದು ಕಚೇರಿಗೆ ಆಗಲಿಲ್ಲ. ಬಂದೇ ಬಂತು. ಹೊತ್ತು ಹತ್ತಿಸಿದವರು ಹೆಂಗಸರು.

ಅತಿಥಿಗಳು ಸ್ವಲ್ಪ ಹೊತ್ತು ಕೂತಿದ್ದು, ಬಳಿಕ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಕೆಳಗಿನ ಹೋಟೆಲುಗಳಿಗೆ ಹೋದರು. ಒಂಬತ್ತು ಪ್ರಶಸ್ತಿಪತ್ರಗಳು ಮೇಜಿನ ಮೇಲೆ ಉಳಿದವು. ಮಂಜಿಗೆ ಗಾಜು ಬೆವರುತ್ತಿತ್ತು. ಮಕ್ಕಳು ಉಂಡು, ಬಟ್ಟಲು ನೆಕ್ಕಿ, ಮನೆಗೆ ಹೋದವು.

ಹಂಡೆಯಲ್ಲಿ ತಳ ಹಿಡಿದ ಅನ್ನ ಮಾತ್ರ ಇತ್ತು, ಅದಕ್ಕೆ ಅಂಟಿದ ನಾಲ್ಕು ಚೂರು ಕೋಳಿ. ಅದು ಅಡುಗೆಯವರ ಪಾಲು. ದಿನವೂ ಅವರು ಅದನ್ನು ನಿಂತೇ ಕೆರೆದು ತಿನ್ನುತ್ತಿದ್ದರು. ಅವತ್ತು ಎದೆಲ್ಮಿರಾ ಬಿಳಿ ಬಟ್ಟೆ ತೊಟ್ಟ ಆರು ಕುರ್ಚಿಗಳನ್ನು ಎಳೆತಂದು ಹಂಡೆಯ ಸುತ್ತ ಹಾಕಿದಳು.

"ಕೂತ್ಕೊ ಅಕ್ಕಾ. ಮಸಿ ಆದ್ರೆ ಆಗ್ಲಿ. ಕುರ್ಚಿಯವನ ಹೆಂಡ್ತಿಗೆ ಪ್ರಶಸ್ತಿ ಬಂದದೆ, ಒಗೀತಾಳೆ."

ಆರು ಜನ ಕೂತರು. ಅಷ್ಟರಲ್ಲಿ ಮೇಯರ್ ಬಂದರು. ರೇಡಿಯೋದವನೊಡನೆ ಮಾತು ಉದ್ದವಾಗಿ, ಅವರ ಜನ ಎಲ್ಲ ಮುಂದೆ ಹೋಗಿಬಿಟ್ಟಿದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಟೋಪಿ ತೆಗೆದು ಹಂಡೆಯೊಳಗೆ ಇಣುಕಿದರು.

"ಪರಿಮಳ ಚೆನ್ನಾಗಿದೆ, ಮಾಮಿತಾ. ಏನಾದ್ರೂ ಉಳಿದಿದ್ಯಾ?"

"ಇದು ಅಡುಗೆ ಮಾಡಿದೋರದು ಸಾಹೇಬ್ರೇ," ಎಂದಳು ತೆಯೋಫಿಲಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಸೋಮವಾರ ಬನ್ನಿ. ಏಳಕ್ಕೆ ಮುಂಚೆ ಬಟ್ಟಲಿಟ್ರೆ ಬೇಗ ಸರದಿ ಬರ್ತದೆ. ಈಗ ನಾವು ಪ್ರಾರ್ಥನೆ ಮಾಡ್ಬೇಕು."

ಅವಳು ಕಣ್ಣು ಮುಚ್ಚಿದಳು. ಮೇಯರೂ ಕ್ರೈಸ್ತರೇ. ಪ್ರಾರ್ಥನೆಯ ನಡುವೆ ಹೋಗುವುದು ಸರಿಯಲ್ಲ. ಟೋಪಿ ಎದೆಗೆ ಹಿಡಿದು ನಿಂತರು.

"ಸ್ವಾಮೀ," ಎಂದಳು ತೆಯೋಫಿಲಾ, "ಇವತ್ತು ಎಲ್ಲ ಮಕ್ಕಳೂ ಉಂಡವು. ನಿನ್ನ ಹತ್ತಿರ ಇರೋರಿಗೂ ಹೊಟ್ಟೆ ತುಂಬಿಸು. ನನ್ನ ಮಗಳು ನೇಲಿದಾ. ಐದನೇ ಕ್ಲಾಸು."

"ನನ್ನ ಅಕ್ಕನ ಮಗ ವೆನಾನ್ಸಿಯೋ," ಎಂದಳು ಎದೆಲ್ಮಿರಾ. "ಮೊದಲನೇ ಕ್ಲಾಸು. ಮಳೆಗೆ ಗೋಡೆ ಬಿದ್ದು."

"ನನ್ನ ಕೂಸು," ಎಂದಳು ಅವಳ ಪಕ್ಕದವಳು. "ಹೆಸರು ಇಡೋಕೆ ಮುಂಚೆ."

"ಆಮೆನ್," ಎಂದರು ಮೇಯರ್.

ಬೇಗ ಅಂದಿದ್ದರು. ಇನ್ನೂ ಮೂವರು ಹೆಂಗಸರಿದ್ದರು.